ಕರೆದರೆ ಬಾರದ ಕೋಳಿಗಳು

ಪಾಠ ಹೇಳುವವನಿಗೆ ಆ ಪಾಠ ಅರ್ಥವಾಗಿರಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಇದ್ದಿದ್ದರೆ ನಾನು ಮದ್ದೂರಿನಲ್ಲಿ ಇಷ್ಟು ವರ್ಷ ವಿಜ್ಞಾನದ ಮೇಷ್ಟ್ರಾಗಿ ಇರಲು ಆಗುತ್ತಲೇ ಇರಲಿಲ್ಲ. ಒಂದೇ ತಾಯಿಯ ಮರಿಗಳಲ್ಲೂ ಒಂದರಂತೆ ಇನ್ನೊಂದಿರುವುದಿಲ್ಲ, ಯಾವುದು ಉಳಿಯಬೇಕು ಯಾವುದು ಅಳಿಯಬೇಕು ಎಂಬುದನ್ನು ನಿಸರ್ಗ ಆರಿಸುತ್ತದೆ, ಹಾಗೆ ಆರಿಸುತ್ತ ಆರಿಸುತ್ತ ಲಕ್ಷಾಂತರ ವರ್ಷಗಳಲ್ಲಿ ಪ್ರಾಣಿಯ ರೂಪವೇ ಬದಲಾಗಿಬಿಡುತ್ತದೆ ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಲಕ್ಷಾಂತರ ವರ್ಷ ಎಂದಕೂಡಲೇ ಹುಡುಗರಿಗೂ ನನಗೂ ಒಂದು ನೆಮ್ಮದಿ. ಅಷ್ಟು ದೂರದ ವಿಷಯವನ್ನು ಯಾರು ಹೋಗಿ ನೋಡಿ ಬರುತ್ತಾರೆ? ಅದು ನನ್ನ ಹಿತ್ತಿಲಲ್ಲೇ ನಡೆಯುತ್ತಿದೆ ಎಂಬುದು ಗೊತ್ತಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ನಮ್ಮ ಮಾವನವರು ಭಾನುವಾರ ಬರುತ್ತೇನೆಂದು ಹೇಳಿಕಳುಹಿಸಿದಾಗ.

ಮಾವನವರದು ಮಳವಳ್ಳಿ ಕಡೆಯ ಹಳ್ಳಿ. ಎರಡು ವರ್ಷದಿಂದ ಅವರು ನಮ್ಮ ಹೊಸಿಲು ತುಳಿದಿರಲಿಲ್ಲ. ತಪ್ಪು ನನ್ನದೇ. ಹಿಂದಿನ ಸಲ ಬಂದಾಗ, ವಯಸ್ಸಾದವರಿಗೆ ಸೊಪ್ಪು ಒಳ್ಳೆಯದೆಂಬ ವಿಜ್ಞಾನ ತಲೆಗೇರಿ, ಮುದ್ದೆಗೆ ಬಸ್ಸಾರು ಮಾಡಿಸಿದ್ದೆ. ನಮ್ಮ ಕಡೆ ಹೆಣ್ಣು ಕೊಟ್ಟ ಮಾವ ಬಂದಾಗ ಕೋಳಿ ಕೊಯ್ಯದಿದ್ದರೆ ಯಾಕೆ ಬಂದಿರಿ ಎಂದು ಕೇಳಿದ ಹಾಗೆ. ಅವರು ಉಂಡರು, ಕೈ ತೊಳೆದರು, ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು. ಅಲ್ಲಿಂದೀಚೆಗೆ ನನ್ನ ಹೆಂಡತಿ ತಾಯಮ್ಮನಿಗೆ ಗೌರಿ ಹಬ್ಬಕ್ಕೆ ತವರಿನ ಕರೆ ಬರಲಿಲ್ಲ. ಹಬ್ಬದ ಹಿಂದಿನ ದಿನ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅದನ್ನು ನೋಡಲಾರದೆ ನಾನು ಹಿತ್ತಿಲಿಗೆ ಹೋಗಿಬಿಡುತ್ತಿದ್ದೆ.

"ಈ ಸಲ ಕೋಳಿ ಆಗ್ನೇಬೇಕು ಕಣ್ರೀ. ಇಲ್ದಿದ್ರೆ ನನ್ ತವ್ರು ಬಾಗ್ಲು ಮುಚ್ಚೋಯ್ತು ಅಂತ್ಲೇ ತಿಳ್ಕಳಿ" ಎಂದಳು.

"ಅದ್ಕ್ಯಾಕಮ್ಮಿ ಯೋಚ್ನೆ? ಇತ್ಲು ತುಂಬ ಅವಲ್ಲ" ಎಂದೆ.

ಇದ್ದವು, ನಿಜ. ಆದರೆ ಹಿಡಿಯಬೇಕಲ್ಲ! ಭಾನುವಾರ ಬೆಳಗ್ಗೆ ನುಚ್ಚು ಎರಚಿ "ಬಾ ಬಾ ಬಾ" ಎಂದೆ. ದೂರದಲ್ಲಿ ಬಿದ್ದ ನುಚ್ಚನ್ನು ತಿಂದವು, ಹತ್ತಿರದ್ದನ್ನು ನನಗೇ ಬಿಟ್ಟವು. ಬಗ್ಗಿದರೆ ಹೆಂಚಿನ ಮೇಲೆ, ಏಣಿ ಹಾಕಿದರೆ ಹೊಂಗೆ ಮರದ ಮೇಲೆ. ಬಿದಿರಿನ ಮಂಕರಿ ಕವುಚಿ ಹಾಕಲು ಹೋಗಿ ನಾನೇ ಅದರೊಳಗೆ ಅರ್ಧ ಸಿಕ್ಕಿಕೊಂಡೆ. ಬೇಲಿಯಾಚೆ ಹಲ್ಲುಜ್ಜುತ್ತ ನಿಂತಿದ್ದ ಪಕ್ಕದ ಮನೆಯ ನಿಂಗೇಗೌಡ, "ಮೇಷ್ಟ್ರೇ, ಇವು ನಿಮ್ ಕೋಳಿ ಅಲ್ಲ ಕನೇಳಿ. ಯಾವನೋ ಬದ್ಲಾಯಿಸ್ಬುಟ್ಟವ್ನೆ" ಎಂದ.

ನನಗೂ ಅನುಮಾನ ಬಂತು. ತಾಯಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದ ಕೋಳಿಗಳು ಹೀಗಿರಲೇ ಇಲ್ಲ. ಕರಿದು, ಬಿಳಿದು, ಕೆಂಪು, ಕತ್ತಿನಲ್ಲಿ ಪುಕ್ಕವೇ ಇಲ್ಲದ್ದು, ಎಲ್ಲ ಬಗೆಯೂ ಇದ್ದವು. ಮೈ ತುಂಬಿಕೊಂಡು, ಕರೆದರೆ ತೊಡೆಯ ಮೇಲೇ ಬಂದು ಕೂರುತ್ತಿದ್ದವು. ಈಗಿನವು ಎಲ್ಲ ಒಂದೇ ಮಣ್ಣಿನ ಬಣ್ಣ, ಉದ್ದ ಕಾಲು, ಒಣಕಲು ಎದೆ, ಕಳ್ಳ ಕಣ್ಣು. ಯಾರು ಬದಲಾಯಿಸಿದರು? ಯಾವಾಗ? ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಲೆ ಕೆರೆದುಕೊಂಡೆ.

ಬಿಳಿ ಮರಿಗಳು ಹದ್ದಿನ ಕಣ್ಣಿಗೆ ಬೇಗ ಬಿದ್ದವು, ಸರಿ. ಮಿಕ್ಕವು? ನೆಂಟರು ಬಂದಾಗಲೆಲ್ಲ ನಾವು ಯಾವ ಕೋಳಿ ಹಿಡಿದೆವು? ಕರೆದಾಗ ಮೊದಲು ಬಂದದ್ದನ್ನು. ದಪ್ಪಗಿದ್ದು ಓಡಲಾರದ್ದನ್ನು. ತಪ್ಪಿಸಿಕೊಂಡದ್ದು ಬೇಲಿಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿತು, ಮರಿಗಳು ತಾಯಿಯ ಹಾಗೇ ಆದವು, ಅವುಗಳಲ್ಲೂ ಸಾಧುವಾದದ್ದು ಮುಂದಿನ ನೆಂಟರ ಪಾಲಾಯಿತು. ಹನ್ನೆರಡು ವರ್ಷ ಹೀಗೆ ಆರಿಸಿದ ನಿಸರ್ಗ ಬೇರೆ ಯಾರೂ ಅಲ್ಲ, ನಾನೇ! ಇದು ಹೊಳೆದ ಮೇಲೆ ಗೊಂದಲ ಕಡಿಮೆಯಾಗುವ ಬದಲು ಇನ್ನೂ ಹೆಚ್ಚಿತು. ಹಾಗಾದರೆ ಆ ಲಕ್ಷಾಂತರ ವರ್ಷ ಏನಾಯಿತು? ಪುಸ್ತಕ ತಪ್ಪೋ, ಕೋಳಿಗಳು ಅವಸರ ಮಾಡಿದವೋ?

ಅಷ್ಟರಲ್ಲಿ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿನಿಂದಿಳಿದು, ಮುಖವೆಲ್ಲ ಮಸಿಯಾಗಿ ಮಾವನವರು ಬಂದೇಬಿಟ್ಟರು. ಕಂಕುಳಲ್ಲಿ ಕಾಲು ಕಟ್ಟಿದ ಒಂದು ಕರಿ ಹೆಣ್ಣುಕೋಳಿ, ನಮ್ಮ ಕಡೆಯ ಮಾತಿನಲ್ಲಿ ಹ್ಯಾಟೆ.

"ನಿಮ್ ಕೋಳಿ ತಳಿ ಕೆಟ್ಟೋಗದೆ ಅಂತ ಕೇಳ್ದೆ, ಅಳೀಮಯ್ಯ. ಇದು ನಮ್ಮನೇದು. ಮರಿ ಮಾಡ್ಸು. ಕರುದ್ರೆ ಬತ್ತದೆ" ಎಂದರು.

ಕೋಪವನ್ನು ಅವರೇ ಬಿಟ್ಟು ಬಂದಿದ್ದರು. ತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನವರು ಸ್ನಾನಕ್ಕೆ ಹೋದರು. ಕಟ್ಟು ಬಿಚ್ಚಿದ್ದೇ ತಡ, ಆ ಹ್ಯಾಟೆ ಹಿತ್ತಿಲು ಬಿಟ್ಟು ನೇರವಾಗಿ ಅಡಿಗೆಮನೆಗೇ ನಡೆದು ಒಲೆಯ ಪಕ್ಕದಲ್ಲಿ ನಿಂತಿತು. ನಾನು ತಾಯಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹೊಂಗೆ ಮರದ ಮೇಲಿನವು ನಮ್ಮಿಬ್ಬರನ್ನೂ ನೋಡಿದವು.

ಮಧ್ಯಾಹ್ನ ಮಾವನವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. "ಸಾರು ಬಲೇ ಸಂದಾಗದೆ ಕಣವ್ವ. ಯಾವ್ ಕೋಳಿ?" ಎಂದರು. ತಾಯಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಕರುದ್ರೆ ಬಂತು, ಮಾವ" ಎಂದೆ.

ಅವರು ನನ್ನನ್ನು ನೋಡಿದರು. ಹ್ಯಾಟೆಯ ಕಾಲಿನ ಕಟ್ಟು ಮಾತ್ರ ಬಿದ್ದಿದ್ದ ಮೂಲೆ ನೋಡಿದರು. ಎಲೆ ಬಿಟ್ಟು ಎದ್ದೇಬಿಡುತ್ತಾರೆ ಎಂದುಕೊಂಡೆ. ಆಮೇಲೆ ನೆತ್ತಿಗೆ ಹತ್ತುವಷ್ಟು ನಕ್ಕರು.

"ಗಂಡು ನೋಡಕ್ಕೋದಾಗ್ಲೂ ಇಂಗೇ ಆಯ್ತು ಕಣ್ ಅಳೀಮಯ್ಯ. ನಾಕೈದು ಕಡೆ ನೋಡಿದ್ದೆ. ಚುರುಕಾಗಿದ್ದೋರೆಲ್ಲ ತಪ್ಪಿಸ್ಕಂಡ್ರು. ಕರ್ದೇಟ್ಗೆ ಬಂದೋನು ನೀನೊಬ್ನೆ!"

ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡರು. "ಗೌರಿ ಅಬ್ಬಕ್ಕೆ ಇಬ್ರೂ ಬನ್ನಿ" ಎಂದರು. ತಾಯಮ್ಮನ ಮುಖ ಅರಳಿದ್ದು ಕಂಡು ನನ್ನ ಮನಸ್ಸು ಹಗುರಾಯಿತು. ಆದರೂ ಅವರು ಹೇಳಿದ್ದು ಹೊಗಳಿಕೆಯೋ ಅಲ್ಲವೋ ಬಗೆಹರಿಯಲಿಲ್ಲ. ಇನ್ನು ಮುಂದೆ ನಾನೂ ಸ್ವಲ್ಪ ಹೊಂಗೆ ಮರದ ಮೇಲಿನವರ ಹಾಗಿರಬೇಕು ಎಂದು ಜಗಲಿಯಲ್ಲಿ ಕೂತು ತೀರ್ಮಾನ ಮಾಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ತಾಯಮ್ಮ, "ಏನಂದ್ರೆ, ವಸಿ ಬನ್ನಿ ಇಲ್ಲಿ" ಎಂದಳು.

ಎದ್ದು ಹೋದೆ.