ಕನ್ನಡಕದೊಳಗಿನ ಬಸ್ಸು

ನೆಲಮಹಡಿಯ ಮನೆ ಖಾಲಿಯಾದದ್ದೇ ಎಲ್ಲಕ್ಕೂ ಕಾರಣ. ನಿವೃತ್ತರ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಯ ಮಾಜಿ ಬಸ್ ಕಂಡಕ್ಟರರ ಮಂಡಿಗಳು ಮೆಟ್ಟಿಲು ಹತ್ತುವಾಗ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಸಂಘದ ಕಾರ್ಯದರ್ಶಿ ನೋಟಿಸು ಅಂಟಿಸಿದರು: ವ್ಯಾಯಾಮ ಕೇಂದ್ರದ ಪರೀಕ್ಷೆಯ ಅಂಕ ನೋಡಿ ಮನೆ ಹಂಚಿಕೆ. ಅತಿ ಕಡಿಮೆ ಅಂಕದವರಿಗೆ ನೆಲಮಹಡಿ.

ಆ ಕೇಂದ್ರದಲ್ಲಿ ಒಂದು ತಿಂಗಳಿಂದ ಹಿರಿಯರಿಗೆ, ಇಲ್ಲದ ಜಾಗವನ್ನು ಕಣ್ಣೆದುರು ತೋರಿಸುವ ವಿ.ಆರ್. ಕನ್ನಡಕ ತೊಡಿಸಿ, ಬೀಳದಂತೆ ನಡೆಯುವುದನ್ನು ಕಲಿಸುತ್ತಿದ್ದರು. ಇಂದು ಪರೀಕ್ಷೆ.

“ರೀ, ಚೆನ್ನಾಗಿ ನಡೆದುಬಿಟ್ಟು ಮನೆ ಹಾಳು ಮಾಡಬೇಡಿ,” ಎಂದು ಹೆಂಡತಿ ಹೇಳಿ ಕಳಿಸಿದಳು.

ನಾಲ್ಕನೇ ಮಹಡಿಯ ಟೈಲರಮ್ಮ ಪರೀಕ್ಷೆಗೆ ಜೊತೆಯಲ್ಲೇ ಹೊರಟವರು, ದಾರಿಯುದ್ದಕ್ಕೂ ಪಾಠ ಹೇಳಿದರು: “ಕಂಡಕ್ಟರಣ್ಣ, ಮೊದಲು ಎಡಕ್ಕೆ ವಾಲಿ. ಆಮೇಲೆ ಅಯ್ಯೋ ಅನ್ನಿ. ಮೊದಲೇ ಅಯ್ಯೋ ಅಂದ್ರೆ ಗೊತ್ತಾಗಿಬಿಡುತ್ತೆ.”

ಎರಡನೇ ಮಹಡಿಯ ಡ್ರಿಲ್ ಮೇಷ್ಟ್ರು ಹಿಂದೆಯೇ ಕುಂಟುತ್ತಾ ಬಂದರು.

“ಏನ್ ಮೇಷ್ಟ್ರೇ, ನಿನ್ನೆ ಬಲಗಾಲು ಕುಂಟ್ತಿದ್ರಿ, ಇವತ್ತು ಎಡಗಾಲಾ?” ಎಂದು ಕಂಡಕ್ಟರರು ಕೇಳಿದರು.

“ನೋವು ಪಾಳಿ ಮೇಲೆ ಬರುತ್ತೆ ಕಣ್ರೀ.”

ಕನ್ನಡಕದೊಳಗೆ ಒಂದು ಹಳ್ಳ, ದಾಟಲು ಕಲ್ಲುಗಳು. ಕಂಡಕ್ಟರರು ಹೇಳಿಕೊಟ್ಟಂತೆಯೇ ವಾಲಿ, ನೀರಿಗೆ ಕಾಲಿಟ್ಟು, ಅಯ್ಯೋ ಎಂದರು. ಕಲಿಸುವ ಹುಡುಗಿಯ ಮುಖ ಬಾಡಿತು.

“ನಾನೇ ಸರಿಯಾಗಿ ಕಲಿಸಿಲ್ಲ ತಾತ. ಇರಿ, ನಿಮಗೋಸ್ಕರಾನೇ ಒಂದು ಆಟ ಹುಡುಕಿಟ್ಟಿದ್ದೀನಿ. ಇದರ ಅಂಕಾನೇ ಬರ್ಕೋತೀನಿ.”

ಕಣ್ಣು ಬಿಟ್ಟರೆ ಬಸ್ಸು! ತುಂಬಿ ತುಳುಕುವ ಜನ, ಎದುರಿಗೆ ತಿರುವು. ಕಾಲುಗಳು ಯಜಮಾನರನ್ನು ಕೇಳದೆ ತಾವೇ ಅಗಲವಾಗಿ ನಿಂತವು.

“ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ಯಾರ್ರೀ ಅದು?”

ಬರಿಯ ಕೋಣೆಯಲ್ಲಿ ಅವರು ಇಲ್ಲದ ಜನರ ನಡುವೆ ಪಕ್ಕವಾಗಿ ನುಸುಳಿದರು, ಗಾಳಿಯಿಂದ ಟಿಕೆಟ್ ಹರಿದು ಕೊಟ್ಟರು. ಬ್ರೇಕ್ ಬಿದ್ದಾಗ, ಗೋಡೆಯ ಪರದೆಯಲ್ಲಿ ಅದನ್ನೇ ನೋಡುತ್ತಾ ಕುಳಿತಿದ್ದ ಡ್ರಿಲ್ ಮೇಷ್ಟ್ರು ಕುರ್ಚಿಯಿಂದ ಮುಗ್ಗರಿಸಿದರು. ಕಂಡಕ್ಟರರು ಅಲ್ಲಾಡಲಿಲ್ಲ.

“ನೂರಕ್ಕೆ ತೊಂಬತ್ತೆಂಟು!” ಹುಡುಗಿ ಚಪ್ಪಾಳೆ ತಟ್ಟಿದಳು.

“ಆ ಎರಡು ಯಾಕಮ್ಮ ಹೋಯ್ತು?” ಎಂದು ಅವರು ಮುನಿಸಿನಿಂದ ಕೇಳಿದರು. ನೆಲಮಹಡಿ ನೆನಪಾದದ್ದು ಆಮೇಲೆ.

ಸಂಜೆ ಕಾರ್ಯದರ್ಶಿ ಪಟ್ಟಿ ಹಿಡಿದು ಕಂಡಕ್ಟರರ ಮನೆಗೆ ಬಂದರು. ಹನ್ನೊಂದು ಅಂಕದ ಮೇಷ್ಟ್ರಿಗೆ ನೆಲಮಹಡಿ.

ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿ, ನಿಟ್ಟುಸಿರು ಬಿಟ್ಟಳು. “ಹೋಗ್ಲಿ ಬಿಡಿ, ಇರೋ ಮನೆಗೇನು ಮೋಸ ಇಲ್ವಲ್ಲ.”

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. “ಹಂಚಿಕೆ ಅಂದ್ರೆ ಇಡೀ ಕಟ್ಟಡಕ್ಕಮ್ಮ. ಅಂಕ ಹೆಚ್ಚಾದಷ್ಟೂ ಮೇಲಿನ ಮಹಡಿ. ಟೈಲರಮ್ಮನಿಗೆ ನಲವತ್ತು, ಇವರಿಗೆ ತೊಂಬತ್ತೆಂಟು. ಅವರು ಮೂರಕ್ಕೆ ಇಳೀತಾರೆ, ನೀವು ನಾಲ್ಕಕ್ಕೆ.”

ಕಂಡಕ್ಟರರು ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಒಳಗೆ ಬಂದು, ಅವರ ಕಿಟಕಿಗೆ ಟೇಪು ಹಿಡಿದು ಪರದೆಯ ಅಳತೆ ತೆಗೆಯತೊಡಗಿದ್ದರು.