ಸೊಪ್ಪಿನ ಅಳಿಯ

ಪಥ್ಯ ಮಾಡುವುದು ಅಂಥ ಕಷ್ಟದ ಕೆಲಸವೇನಲ್ಲ. ಪಥ್ಯದಲ್ಲಿದ್ದೇನೆ ಎಂದು ಹೆಂಡತಿಯ ತವರಿನವರನ್ನು ನಂಬಿಸುವುದಿದೆಯಲ್ಲ, ಅದು ಕಷ್ಟ. ನಾನು ಎರಡನ್ನೂ ಮಾಡಿದವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮಕ್ಕಳನ್ನು ಓಡಿಸುವುದು ನನ್ನ ಉದ್ಯೋಗ. ನಾನೂ ಓಡಬೇಕೆಂದು ಆರ್ಡರಿನಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಬೆಲ್ಟಿಗೆ ಹೊಸ ಹೊಸ ತೂತು ಕೊರೆಸುತ್ತಾ ಸುಖವಾಗಿದ್ದೆ. ಭಾನುವಾರ ಕಡುಬು, ಕೋಳಿಸಾರು. ಘಟ್ಟದ ಕೆಳಗಿನಿಂದ ಮೀನು ಬಂದ ದಿನ ಮೀನು. ತರಕಾರಿ ಎಂದರೆ ಮಸಾಲೆಗೆ ಬೀಳುವ ಈರುಳ್ಳಿ ಎಂದೇ ನನ್ನ ತಿಳಿವಳಿಕೆ. ಹೀಗಿರುವಾಗ ಒಂದು ದಿನ ಲಾಂಗ್ ಜಂಪ್ ಹೇಗೆಂದು ಮಕ್ಕಳಿಗೆ ತೋರಿಸಲು ಹೋಗಿ, ಮರಳಿನ ಗುಂಡಿಯನ್ನೂ ಮುಟ್ಟದೆ, ನಡುದಾರಿಯಲ್ಲೇ ಎದೆ ಹಿಡಿದುಕೊಂಡು ಕೂತುಬಿಟ್ಟೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿ, "ಮೇಷ್ಟ್ರೇ, ಬಿಪಿ ಜೋರಾಗಿದೆ. ಸದ್ಯಕ್ಕೆ ಮಾಂಸ, ಮೀನು ಬಿಡಿ. ಸೊಪ್ಪು, ಕಾಳು, ತರಕಾರಿ ತಿನ್ನಿ. ಇಲ್ಲದಿದ್ರೆ ಸ್ಕೂಲಿನವರು ಬೇರೆ ಮೇಷ್ಟ್ರನ್ನ ಹುಡುಕ್ಬೇಕಾಗುತ್ತೆ" ಎಂದರು. ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನನ್ನ ಹೆಂಡತಿ ಶಾರದೆ ಮರುದಿನದಿಂದಲೇ ಒಂದೆಲಗದ ತಂಬುಳಿ, ಹುರುಳಿಕಾಳಿನ ಸಾರು, ಬಸಳೆ ಎಂದು ಶುರುಮಾಡಿದಳು. ಮೊದಮೊದಲು ದನದ ಕೊಟ್ಟಿಗೆಯಲ್ಲಿ ಊಟಕ್ಕೆ ಕೂತ ಹಾಗಾಗುತ್ತಿತ್ತು. ಆಮೇಲೆ ತಂಬುಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವಷ್ಟು ರುಚಿ ಹತ್ತಿತು.

ಅಷ್ಟರಲ್ಲಿ ಹೊಸನಗರದ ಹತ್ತಿರದ ಮಾವನ ಮನೆಗೆ ಹೋಗಬೇಕಾಗಿ ಬಂತು. ನಾವು ಬಸ್ಸಿಳಿದು ಹೋಗುವ ಹೊತ್ತಿಗೆ, ನನಗೆಂದೇ ಸಾಕಿದ್ದ ಹುಂಜ ಒಲೆಯ ಮೇಲೆ ಕುದಿಯುತ್ತಿತ್ತು. ಎಲೆಯ ಮುಂದೆ ಕೂತವನು, "ನಂಗೆ ಸೊಪ್ಪಿನ ಪಲ್ಯ ಇದ್ರೆ ಸಾಕು" ಎಂದೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಅತ್ತೆ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಬಾಗಿಲ ಹಿಂದಿನಿಂದ ಮಗಳನ್ನು ಕೇಳಿದರು: "ಎಂಥ ತಪ್ಪಾಯ್ತೇ ನಮ್ಮಿಂದ? ಹೋದ ಸಲ ಸಾರಿಗೆ ಖಾರ ಹೆಚ್ಚಾಗಿತ್ತಲ್ಲ, ಅದಕ್ಕಾ ಸಿಟ್ಟು?"

ಮಾವ ಎಲೆ ಬಿಟ್ಟು ಎದ್ದೇ ಬಂದರು. "ಮೇಷ್ಟ್ರೇ, ಏನಿದ್ರೂ ಬಾಯಿಬಿಟ್ಟು ಹೇಳಿ. ದೀಪಾವಳೀಲಿ ಕೊಟ್ಟ ಪಂಚೆ ಸರಿ ಇರ್ಲಿಲ್ವಾ?"

"ಪಂಚೆ ಚೆನ್ನಾಗೇ ಇತ್ತು ಮಾವ. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ಹೇಳೋದು ಕಾಯಿಲೆಯೋರಿಗೆ. ನಿಮಗೆಂಥ ಆಗಿದೆ? ಗುಂಡುಕಲ್ಲಿನ ಹಾಗಿದ್ದೀರಿ!"

ಗುಂಡುಕಲ್ಲಿಗೇ ಕಾಯಿಲೆ ಎಂದು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ ಶಾರದೆ ಮುಂದೆ ಬಂದಳು. "ಅಪ್ಪಯ್ಯ, ಅವತ್ತು ಸ್ಕೂಲಿನೋರು ಇವ್ರನ್ನ ಎತ್ಕೊಂಡು ಮನೆಗೆ ತಂದ್ರು. ಬಾಗಿಲು ತೆಗೆದಾಗ ನನ್ ಜೀವ ಬಾಯಿಗೆ ಬಂತು. ನಂಗೆ ಇವ್ರು ಬೇಕು. ಕೋಳಿ ನೀವು ತಿನ್ನಿ" ಎಂದಳು. ಅದುವರೆಗೆ ನನ್ನ ಮುಂದೆ ಅವಳು ಇದನ್ನು ಹೇಳಿರಲಿಲ್ಲ. ನಾನು ಎಲೆಯ ಮೇಲಿನ ಉಪ್ಪನ್ನು ನೋಡುತ್ತಾ ಕೂತೆ.

ಅತ್ತೆ ಕತ್ತಿ ಹಿಡಿದು ಹಿತ್ತಲಿಗೆ ಹೋದರು. ಎಳೆ ಹಲಸಿನಕಾಯಿ ತಂದು, ಹೆಚ್ಚಿ, ಹುಂಜಕ್ಕೆ ಅರೆದು ಮಿಕ್ಕಿದ್ದ ಮಸಾಲೆಯಲ್ಲೇ ಸಾರು ಮಾಡಿದರು. ಎಲ್ಲರೂ ಕಾದರು. ಸಾರು ಎಲೆಗೆ ಬಿದ್ದ ಮೇಲೆ ನಾನು ತಲೆಯೆತ್ತಲಿಲ್ಲ. "ಇನ್ನೊಂದು ಕಡುಬು ಹಾಕ್ಲಾ?" ಎಂಬ ಮಾತು ಕೇಳಿ ನೋಡಿದರೆ, ಅತ್ತೆ! ಮದುವೆಯಾದ ಮೇಲೆ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ಬಿಪಿ ಇಳಿಯಿತು. ಬೆಲ್ಟು ಹಳೆಯ ತೂತಿಗೆ ಬಂತು. ಮಕ್ಕಳೊಡನೆ ಮೈದಾನಕ್ಕೆ ಒಂದು ಸುತ್ತು ಓಡಿಯೂ ಬದುಕಿದೆ. ಡಾಕ್ಟರು ಸಂತೋಷಪಟ್ಟು, "ಇನ್ನು ಅಪರೂಪಕ್ಕೊಮ್ಮೆ ಒಂದು ತುಂಡು ಮೀನು ತಿಂದ್ರೆ ತೊಂದರೆಯಿಲ್ಲ" ಎಂದರು. ಆದರೆ ಅಷ್ಟರಲ್ಲಿ ಮಾವ ತಮ್ಮ ಅಳಿಯ ಎಲ್ಲವನ್ನೂ ಗೆದ್ದವನೆಂದು ಹೊಸನಗರದಿಂದ ಸಾಗರದವರೆಗೆ ಸಾರಿಬಿಟ್ಟಿದ್ದರು.

ಸಾಗರದಲ್ಲಿ ನೆಂಟರ ಮನೆಯ ಬೀಗರೂಟ. ಬಡಿಸುವವನು ಹುರಿದ ಮೀನಿನ ತಟ್ಟೆ ಹಿಡಿದು ನನ್ನ ಎಲೆಯ ಮೇಲೆ ಬಗ್ಗಿದ. ನಾನು ಅನ್ನವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ಎದುರು ಪಂಕ್ತಿಯಿಂದ ಮಾವ ಕೂಗಿದರು: "ಏಯ್, ಅವ್ರಿಗೆ ಹಾಕ್ಬೇಡ್ರೋ! ಅವ್ರು ಬಿಟ್ಟೋರು!"

ಮೀನು ಪಕ್ಕದ ಎಲೆಗೆ ಹೋಯಿತು. ಆ ಎಲೆಯ ಯಜಮಾನರು ನನ್ನನ್ನು ಭಕ್ತಿಯಿಂದ ನೋಡಿ, "ಎಂಥಾ ಗಟ್ಟಿ ಮನಸ್ಸು ಮಾರಾಯ್ರೆ ನಿಮ್ದು! ವಾಸನೆ ಬಂದ್ರೂ ಆಸೆ ಆಗಲ್ವಾ?" ಎಂದು ಕೇಳಿದರು.

"ಎಲ್ಲಾ ಅಭ್ಯಾಸ" ಎಂದೆ ಗಂಭೀರವಾಗಿ, ಮತ್ತು ಅವರು ಎರಡನೇ ತುಂಡು ಹಾಕಿಸಿಕೊಳ್ಳುವಾಗ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡೆ. ನಾನು ಧ್ಯಾನ ಮಾಡುತ್ತಿದ್ದೇನೆಂದುಕೊಂಡು ಅವರು ಮಾತು ನಿಲ್ಲಿಸಿದರು.