ಜಪಾನಿಗೆ ಹೊರಟ ಬೀಗರು

ಶರ್ಮಿಳಾ ಫೋನಿನಲ್ಲಿ ಒಂದು ಮಾತು ಕಡಿಮೆ ಆಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಮದುವೆ ಗೊತ್ತಾದ ಹುಡುಗಿ ಫೋನಿನಲ್ಲಿ ಮಾತು ಕಡಿಮೆ ಆಡಿದ್ದನ್ನು ನೀವು ಯಾರಾದರೂ ಕಂಡಿದ್ದೀರಾ? ಮದುವೆಯಾಗುವ ಹುಡುಗ ಅನಿಕೇತನ ಹತ್ತಿರ ಹವಾಮಾನದಿಂದ ಹಿಡಿದು ಪಕ್ಕದ ಮನೆ ಬೆಕ್ಕಿನ ತನಕ ಎಲ್ಲ ಮಾತಾಡಿ ಮುಗಿಸಿ, ಇನ್ನೇನೂ ಉಳಿಯದೆ, "ಡ್ಯಾಡ್ ಜಪಾನಿಗೆ ಹೋಗ್ತಿದ್ದಾರೆ, ಆಲ್ ಅಲೋನ್!" ಎಂದುಬಿಟ್ಟಳು. ಅನಿಕೇತ ಅದನ್ನು ತನ್ನಪ್ಪನಿಗೆ ಹೇಳಿದ.

ಅವಳ ಡ್ಯಾಡ್ ಪುರಂದರ ಉಡುಪಿ ಕಡೆಯವನು. ಮನೆ ಲಂಡನ್ನಿನ ಪಿನ್ನರ್‌ನಲ್ಲಿ, ಕೆಲಸ ಸೌತ್‌ಹಾಲ್‌ನ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರಿಕೆ. ಲಂಡನ್ನಿಗೆ ಬಂದಾಗಿನಿಂದ ಅವನಿಗೆ ರಜೆ ಎಂದರೆ ಊರು, ಊರೆಂದರೆ ಯಾರದೋ ಮದುವೆ, ಇನ್ಯಾರದೋ ಗೃಹಪ್ರವೇಶ, ಮತ್ತು ಸೂಟ್‌ಕೇಸಿನ ಸುತ್ತ ಕೂತು "ನನಗೆಂತ ತಂದದ್ದು?" ಎಂದು ಕೇಳುವ ನೆಂಟರು. ಹೀಗಿರುವಾಗ ಒಂದು ಭಾನುವಾರದ ಪೇಪರಿನಲ್ಲಿ ಅವನು ಆ ಜಾಹೀರಾತು ನೋಡಿದ. ಜಪಾನಿನ ಹಳ್ಳಿಗಳಲ್ಲಿ ಹದಿನೈದು ದಿನ ಕಾಲ್ನಡಿಗೆ, ಎಂಟೇ ಜನರ ಗುಂಪು. ಚಿತ್ರದಲ್ಲಿ ದೇವದಾರು ಕಾಡು, ಮರದ ಹಳೇ ಮನೆಗಳು, ಕಲ್ಲುಹಾಸಿನ ದಾರಿಯಲ್ಲಿ ಒಬ್ಬನೇ ನಡೆದುಹೋಗುತ್ತಿರುವ ಮನುಷ್ಯ. ಆ ಮನುಷ್ಯನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪುರಂದರನಿಗೆ ಕಣ್ಣು ತುಂಬಿ ಬಂತು.

"ನೀನೂ ಬಾ ಮಾರಾಯ್ತಿ," ಎಂದು ಹೆಂಡತಿ ವಸಂತಿಯನ್ನು ಬಾಯಿಮಾತಿಗೆ ಕರೆದ.

"ದುಡ್ಡು ಕೊಟ್ಟು ನಡಿಲಿಕ್ಕೆ ಹೋಗುದಾ? ನಿಮಗೆ ತಲೆ ಸಮ ಉಂಟಾ? ನನ್ನ ಮೊಣಗಂಟಿಗೆ ಮೆಟ್ಟಿಲು ಹತ್ತಲಿಕ್ಕೇ ಆಗುದಿಲ್ಲ."

ಪುರಂದರ ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೆ ಕುಣಿದು, ಒಂದೇ ಸೀಟು ಬರೆಸಿದ. ಹೋಟೆಲಿನಲ್ಲಿ ಹದಿನೈದು ದಿನದ ರಜೆಯೂ ಸಿಕ್ಕಿತು. ಹೊರಡುವ ಮುಂಚೆ ಒಂದು ಶನಿವಾರ ಅಕ್ಸ್‌ಬ್ರಿಡ್ಜ್‌ನಲ್ಲಿ ಎಲ್ಲರೂ ಸೇರಿ ಕಾಲುವೆಯ ದಂಡೆಯಲ್ಲಿ ಅಭ್ಯಾಸದ ನಡಿಗೆ ನಡೆಯಬೇಕು, ಅಷ್ಟೇ ಬಾಕಿ.

ಆ ಶನಿವಾರ ಒಂದು ಚರ್ಚಿನ ಹಾಲಿನಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದಾಗ ಗುಂಪಿನ ನಾಯಕಿ, ಬೂಟು ಹಾಕಿದ ಎತ್ತರದ ಇಂಗ್ಲಿಷ್ ಹೆಂಗಸು, ವಿವರಗಳನ್ನು ಹೇಳಿದಳು. ಹಳ್ಳಿಯ ವಸತಿಗೃಹಗಳಲ್ಲಿ ಸ್ನಾನ ಎಲ್ಲರದೂ ಒಟ್ಟಿಗೆ. ಗಂಡಸರಿಗೊಂದು ಬಿಸಿನೀರಿನ ಕೊಳ, ಹೆಂಗಸರಿಗೊಂದು. ಮೈಮೇಲೆ ಒಂದು ನೂಲೂ ಇರಕೂಡದು. ಕೈಯಲ್ಲೊಂದು ಪುಟ್ಟ ಟವೆಲ್ ಕೊಡುತ್ತಾರೆ, ಅದನ್ನೂ ನೀರಿಗೆ ಅದ್ದಬಾರದು, ತಲೆಯ ಮೇಲೆ ಇಟ್ಟುಕೊಂಡು ಕೂರಬೇಕು.

ಪುರಂದರ ಒಂದು ಕ್ಷಣ ಬೆಚ್ಚಿದ. ಆಮೇಲೆ ಸುತ್ತ ನೋಡಿದ. ಎಲ್ಲ ಗುರುತು ಪರಿಚಯವಿಲ್ಲದ ಬಿಳಿಯರು. ಇವರ ಎದುರಿಗೆ ನಾಚಿಕೆ ಎಂತಕ್ಕೆ? ಇವರೇನು ಉಡುಪಿಗೆ ಹೋಗಿ ಹೇಳುತ್ತಾರಾ? ಹೀಗೆ ಸಮಾಧಾನ ಮಾಡಿಕೊಂಡು ಇನ್ನೊಂದು ಬಿಸ್ಕತ್ತಿಗೆ ಕೈ ಹಾಕಿದಾಗ ಬಾಗಿಲು ತೆರೆಯಿತು.

"ಏನ್ರಿ ಬೀಗರ! ಒಬ್ಬರ ಹೊಂಟೀರಂತ?"

ಬಿಸ್ಕತ್ತು ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದವರು ಶೇಖರಪ್ಪನವರು, ಅನಿಕೇತನ ತಂದೆ. ಧಾರವಾಡದವರು, ಈಗ ಕೌನ್ಸಿಲ್ ಆಫೀಸಿನಿಂದ ನಿವೃತ್ತರು. ಹೆಗಲಲ್ಲಿ ಚೀಲ, ಕಾಲಲ್ಲಿ ಹೊಸ ಬೂಟು.

"ಅನಿಕೇತ ಹೇಳಿದ. ಪರದೇಶದಾಗ ನಿಮ್ಮನ್ನ ಒಬ್ಬರನ್ನ ಬಿಡಾಕ ಆಕ್ಕೈತೇನ್ರಿ? ಒಂದ ಸೀಟು ಉಳದಿತ್ತು, ನಿನ್ನೆನ ಬರಸೇನಿ!"

ಹೆಣ್ಣು ಕೊಡುವವನಿಗೆ ಬೀಗರೆಂದರೆ ನಡೆದಾಡುವ ಮಂಗಳಾರತಿ. ಎಲ್ಲಿ ಕಂಡರೂ ಎದ್ದು ನಿಲ್ಲಬೇಕು. ಪುರಂದರ ಎದ್ದು ನಿಂತ.

"ಓ, ನೀವಿಬ್ಬರೂ ಸಂಬಂಧಿಕರಾ? ಬಹಳ ಒಳ್ಳೆಯದಾಯ್ತು," ಎಂದಳು ನಾಯಕಿ. "ಹಾಗಾದರೆ ನಿಮಗಿಬ್ಬರಿಗೂ ಒಂದೇ ಕೋಣೆ."

ಒಂದೇ ಕೋಣೆ. ಒಂದೇ ಕೊಳ. ಬೀಗರು, ತಾನು, ತಲೆಯ ಮೇಲೆ ಎರಡು ಪುಟ್ಟ ಟವೆಲ್. ಅದಾದ ಮೇಲೆ ಮದುವೆ ಮಂಟಪದಲ್ಲಿ ಈ ಮನುಷ್ಯನ ಮುಖ ಹೇಗೆ ನೋಡುವುದು ಎಂದು ಪುರಂದರ ಬೆವತುಹೋದ.

ನಡಿಗೆ ಶುರುವಾಯಿತು. "ಕೊಡಿ, ನಾನು ಹಿಡ್ಕೊಳ್ತೇನೆ," ಎಂದು ಪುರಂದರ ಮರ್ಯಾದೆಗೆ ಬೀಗರ ಚೀಲಕ್ಕೆ ಕೈ ಚಾಚಿದ. ಧಾರವಾಡದವರು ಮರ್ಯಾದೆ ಮಾತನ್ನು ನಿಜವೆಂದೇ ನಂಬುವವರು, ಕೊಟ್ಟೇಬಿಟ್ಟರು. ಒಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಮಡಚುವ ಕುರ್ಚಿ. ಪ್ರತಿ ಸೇತುವೆಯ ಬಳಿ ಶೇಖರಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತರು.

"ನೀವೂ ಕೂಡ್ರಿ ಬೀಗರ."

ಎಲ್ಲಿ ಕೂರುವುದು? ಕುರ್ಚಿ ಇದ್ದದ್ದು ಒಂದೇ.

"ಒಂದ ಛಲೋ ಆತು ನೋಡ್ರಿ. ಹದಿನೈದ ದಿನ ಟೈಮ್ ಐತಿ. ಮದುವಿ ಮಾತೆಲ್ಲಾ ಅಲ್ಲೇ ಮುಗಸೂಣು. ನಮ್ಮ ಕಡಿ ಮಂದಿ ಜರಾ ಜಾಸ್ತಿ. ಒಬ್ಬೊಬ್ಬರದ ಹೆಸರು ಹೇಳ್ಕೋತ ನಡೀತೇನಿ, ಯಾರಿಗೆ ಏನು ಕೊಡಬೇಕು ಅನ್ನೂದು ನೀವು ನೆನಪಿಟ್ಕೊಳ್ರಿ."

ಆ ಚಿತ್ರದ ಒಂಟಿ ಮನುಷ್ಯ ಪುರಂದರನ ಕಣ್ಣೆದುರೇ ಕಾಡಿನೊಳಗೆ ಮಾಯವಾದ. ಇಲ್ಲ, ಏನಾದರೂ ಮಾಡಿ ಇವರನ್ನು ಬಿಡಿಸಲೇಬೇಕು.

"ಅಲ್ಲಿ ಕಾಡಲ್ಲಿ ಕರಡಿ ಉಂಟಂತೆ," ಎಂದ.

"ಹೌದ? ಹಂಗಾರ ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೇನಿ."

"ಊಟವೂ ಭಾರೀ ಸಪ್ಪೆಯಂತೆ. ಖಾರವೇ ಇಲ್ಲ."

"ಅದಕ್ಕ ಅಲ್ರಿ ನಿಮ್ಮ ಕೈಯಾಗ ರೊಟ್ಟಿ ಚೀಲ ಇರೂದು!"

ಉಳಿದದ್ದು ಸ್ನಾನದ ವಿಷಯ. ತಡವಾಗಿ ಬಂದ ಶೇಖರಪ್ಪನವರು ಅದನ್ನು ಕೇಳಿರಲಿಲ್ಲ. ಆದರೆ ಬೀಗರ ಮುಖ ನೋಡಿ ಆ ಮಾತು ಆಡುವುದು ಹೇಗೆ? ಊಟಕ್ಕೆಂದು ಪಬ್ಬಿನ ಹತ್ತಿರ ನಿಂತಾಗ, ಶೇಖರಪ್ಪನವರು ಟಾಯ್ಲೆಟ್ಟಿಗೆ ಹೋದ ಸಮಯ ಸಾಧಿಸಿ, ಪುರಂದರ ಮೊಬೈಲ್ ತೆಗೆದು ಅವರ ಹೆಂಡತಿ ಪಾರ್ವತೆವ್ವನಿಗೇ ಫೋನು ಮಾಡಿದ. ಸುತ್ತಿ ಬಳಸಿ, ಗಂಟಲು ಕೆರೆದು, ಅಂತೂ ವಿಷಯಕ್ಕೆ ಬಂದ.

"ಅಯ್ಯ ಶಿವನ! ಮೈಮ್ಯಾಲ ಏನೂ ಇಲ್ದ?"

"ಏನೂ ಇಲ್ಲ."

"ಹೆಂಗಸರೂ?"

"ಸ್ನಾನ ಎಲ್ಲರದೂ ಒಟ್ಟಿಗೆ ಅಂತ ಹೇಳಿದ್ರು," ಎಂದ ಪುರಂದರ. ನಾಯಕಿಯ ಮುಂದಿನ ಮಾತನ್ನು ಸಲೀಸಾಗಿ ನುಂಗಿದ.

"ಮತ್ತ ನೀವು, ಅಣ್ಣಾರ?"

"ಛೆ ಛೆ! ನಾನಾ? ಕೇಳಿದ ಕೂಡಲೇ ಹೋಗುದಿಲ್ಲ ಅಂತ ತೀರ್ಮಾನ ಮಾಡಿ ಆಯ್ತು."

ಇದು ಹುಸಿ. ಬೀಗರು ಬಿಟ್ಟ ಮೇಲೆ, 'ಕಂಪನಿಯವರು ಕೇಳಲಿಲ್ಲ, ಹೋಗಲೇಬೇಕಾಯ್ತು' ಎಂದು ಮೆತ್ತಗೆ ವಿಮಾನ ಹತ್ತುವುದು ಅವನ ಲೆಕ್ಕಾಚಾರ.

ಶೇಖರಪ್ಪನವರು ಬಂದು ರೊಟ್ಟಿ ಮುರಿಯುವಷ್ಟರಲ್ಲಿ ಅವರ ಫೋನು ಬಡಿಯಿತು. ಅವರು ಅದನ್ನು ಕಿವಿಯಿಂದ ದೂರ ಹಿಡಿದರೂ ಪಾರ್ವತೆವ್ವನ ದನಿ ಪಕ್ಕದ ಮೇಜಿನ ತನಕ ಕೇಳಿಸಿತು. ಅವರ ಮುಖ ಬಿಳುಚಿತು. ಸೀದಾ ನಾಯಕಿಯ ಬಳಿ ಹೋದರು. ಪುರಂದರ ನಿಶ್ಚಿಂತೆಯಿಂದ ರೊಟ್ಟಿ ಮುರಿದ. ಗೆದ್ದೆ!

ಅವರು ತಿರುಗಿ ಬಂದು ಅವನ ಬೆನ್ನು ತಟ್ಟಿದರು. "ನಮ್ಮಾಕಿ ಎಲ್ಲಾ ಹೇಳಿದ್ಳು. ಭಾಳ ಮರ್ಯಾದಸ್ಥರು ಬಿಡ್ರಿ ನೀವು. ಹೆಸರು ತಗಸಾಕ ನಿಮಗ ಸಂಕೋಚ ಆಗಬಾರದಂತ ನಾನ ನಿಮ್ಮದೂ ತಗಿಸಿ ಬಂದೆ."

"ಆಂ?"

"ಇಬ್ಬರದೂ ತಗಿಸೇನ್ರಿ!"

ಪುರಂದರನಿಗೆ ಕಾಲುವೆಯೇ ತಲೆಕೆಳಗಾದಂತಾಯಿತು. ಹೇಗೋ ತಪ್ಪಿಸಿಕೊಂಡು ನಾಯಕಿಯ ಹತ್ತಿರ ಓಡಿದ. "ನನ್ನದು ತೆಗೀಬೇಡಿ, ದಮ್ಮಯ್ಯ!"

"ಆಗಲೇ ಆಫೀಸಿಗೆ ಮೆಸೇಜ್ ಹಾಕಿಬಿಟ್ಟೆನಲ್ಲ," ಎಂದಳು ಆಕೆ. "ನೀವೇ ಫೋನು ಮಾಡಿ ಹೇಳಿ. ಅವರ ಊಟದ ಹೊತ್ತು ಮುಗಿಯಲಿ, ಆಮೇಲೆ ಸಂಜೆಯವರೆಗೂ ಇರುತ್ತಾರೆ."

ಆದರೆ ಬೀಗರು ಬಿಟ್ಟರೆ ತಾನೇ? "ನಡೀರಿ, ನಿಮ್ಮನ್ನ ಮನಿಗೆ ಬಿಡ್ತೇನಿ. ನಮ್ಮಾಕೀನೂ ನಿಮ್ಮ ಮನಿಗೇ ಹೋಗ್ಯಾಳಂತ," ಎಂದು ಕೈಹಿಡಿದು ಕಾರಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಜೇಬಿನೊಳಗಿನ ಮೊಬೈಲನ್ನು ಪುರಂದರ ಸವರುತ್ತಲೇ ಇದ್ದ. ಬೀಗರ ಪಕ್ಕದಲ್ಲೇ ಕೂತು ಬೀಗರಿಗೆ ಮೋಸ ಮಾಡುವ ಫೋನು ಮಾಡುವುದು ಹೇಗೆ? ಪಿನ್ನರ್ ತಲುಪುವಷ್ಟರಲ್ಲಿ ಅದರ ಚಾರ್ಜೂ ಮುಗಿದಿತ್ತು.

ಮನೆಯ ಹಾಲಿನಲ್ಲಿ ಪಾರ್ವತೆವ್ವ ಕೂತಿದ್ದಳು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. "ಒಂದ್ನಿಮಿಷ ಬಂದೆ," ಎಂದು ಪುರಂದರ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಮಲಗುವ ಕೋಣೆಯ ಫೋನು ಎತ್ತಿದ. ಕೆಳಗಿನ ಫೋನಿನದೇ ಲೈನು ಅದು, ಒಳಗೆ ಆಗಲೇ ಟೂರ್ ಕಂಪನಿಯ ಯಾರೋ ಮಾತಾಡುತ್ತಿದ್ದರು.

"ಹೆಂಗಸರ ಕೊಳ ಪೂರ್ತಿ ಬೇರೆ, ಮೇಡಂ. ಬಿಸಿನೀರು ಮೊಣಕಾಲಿಗೆ ಬಹಳ ಹಿತ ಅನ್ನುತ್ತಾರೆ."

"ಬೈಯಲಿಕ್ಕೆ ಅಂತ ಫೋನ್ ಮಾಡಿದ್ದು ನಾನು. ಇದು ಒಳ್ಳೇದೇ ಆಯ್ತು," ಎಂದಿತು ಅಡುಗೆಮನೆಯಿಂದ ವಸಂತಿಯ ಇಂಗ್ಲಿಷು. "ನಡಿಲಿಕ್ಕೆ ಆಗದಿದ್ರೆ?"

"ಸಾಮಾನು ಸಾಗಿಸುವ ವ್ಯಾನ್ ಇದೆ, ಅದರಲ್ಲೇ ಕೂತು ಹೋಗಬಹುದು."

"ಹಾಗಾದ್ರೆ ಎರಡು ಸೀಟು ಖಾಲಿ ಆಯ್ತಲ್ಲ, ಅದನ್ನೇ ಕೊಡಿ. ಒಂದು ವಸಂತಿ, ಒಂದು ಪಾರ್ವತೆವ್ವ."

"ಅಯ್ಯೋ, ಅದು ನಂದು! ನಂದು ಅದು!" ಎಂದು ಪುರಂದರ ಫೋನಿನಲ್ಲಿ ಕಿರುಚಿದ.

"ರೀ, ಫೋನ್ ಇಡಿ. ನಾನು ಮಾತಾಡ್ತಾ ಇದ್ದೇನೆ," ಎಂದಳು ವಸಂತಿ.

"ಆಯ್ತು ಮೇಡಂ, ಬರೆದುಕೊಂಡೆ. ಗುಂಪು ಭರ್ತಿ."

ಪುರಂದರ ಗೋಡೆ ಹಿಡಿದುಕೊಂಡು ಕೆಳಗಿಳಿದ. ಪಾರ್ವತೆವ್ವ ಎದ್ದು ಬಂದಳು, ಮುಖದ ತುಂಬ ನಗು.

"ಅಣ್ಣಾರ, ನೀವು ಫೋನ್ ಮಾಡಿದ್ದಕ್ಕ ನಮಗ ಈ ಭಾಗ್ಯ ಬಂತು ನೋಡ್ರಿ. ಆದ್ರ ಒಂದ ಚಿಂತಿ. ನಮ್ಮ ಯಜಮಾನರಿಗೆ ಒಂದ ಕಪ್ ಚಹಾ ಮಾಡ್ಕೊಳ್ಳಾಕ ಬರೂದಿಲ್ಲ. ನಿಮಗ ಹೆಂಗೂ ಹದಿನೈದ ದಿನ ರಜಾ ಐತಂತ. ನಾವು ಬರೂ ತನಕ ಇವರು ಇಲ್ಲೇ ಇರ್ತಾರ."

"ನಿಮ್ಮದೇ ಮನೆ ಅಲ್ವಾ," ಎಂದಿತು ಪುರಂದರನ ಬಾಯಿ, ಅವನನ್ನು ಕೇಳದೆಯೇ.

ಶೇಖರಪ್ಪನವರು ಆಗಲೇ ಬೂಟು ಕಳಚಿ ಸೋಫಾದ ಮೇಲೆ ಕಾಲು ಚಾಚಿದ್ದರು. "ಜಪಾನ ಹೋದ್ರ ಹೋಗ್ಲಿ ಬಿಡ್ರಿ ಬೀಗರ. ಹದಿನೈದ ದಿನ ನಾವಿಬ್ಬರ! ನಮ್ಮ ಕಡಿ ಮಂದಿ ಹೆಸರು ಇವತ್ತಿಂದನ ಚಾಲೂ ಮಾಡೂಣು. ಮೊದಲನೇದು ಹುಬ್ಬಳ್ಳಿ ಚಿಗವ್ವ. ಆಕೀಗೆ ಒಂದು ರೇಷ್ಮಿ ಸೀರಿ..."

ಪುರಂದರ ಚಹಾಕ್ಕೆ ನೀರಿಟ್ಟು, ಸಕ್ಕರೆ ಎಷ್ಟು ಚಮಚ ಎಂದು ಕೇಳಿದ.